ಚಿಗವ್ವನ ಚೀಲದಲ್ಲಿದ್ದ ನನ್ನ ಸುದ್ದಿ

ಸಿನಿಮಾ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ಪಕ್ಕದಲ್ಲಿ ಕೂತಿದ್ದ ಚಿಗವ್ವ ಮೊಣಕೈಯಿಂದ ನನ್ನನ್ನು ತಿವಿದು, ‘ಲೇ ತಮ್ಮ, ಇದು ನಂದೇ ಕತಿ ಅಲ್ಲೇನೋ’ ಅಂದಳು. ನಗುತ್ತಲೇ ಅಂದಳು. ನನಗೆ ನಗು ಬರಲಿಲ್ಲ.

ಬಳ್ಳಾರಿಯಲ್ಲಿ ಗೆಳೆಯರು ಸೇರಿ ‘ಶಿವಮ್ಮ ಯರೇಹಂಚಿನಾಳ’ ಸಿನಿಮಾಕ್ಕೆ ಒಂದು ಟಾಕೀಸಿನ ಬೆಳಗಿನ ಆಟ ಗೊತ್ತುಮಾಡಿದ್ದರು. ತೆಲುಗು ಸಿನಿಮಾಕ್ಕೆ ಬೆಳಗಿನ ಜಾವವೇ ಗೇಟಿನ ಮುಂದೆ ನಿಲ್ಲುವ ಊರು ನಮ್ಮದು. ಹೀರೊ ಇಲ್ಲದ ಕನ್ನಡ ಸಿನಿಮಾಕ್ಕೆ ಮೂವತ್ತು ಮಂದಿ ಬಂದಿದ್ದೇ ದೊಡ್ಡದು. ಜೈಶಂಕರ್ ಆರ್ಯರ್ ನಿರ್ದೇಶಿಸಿ, ರಿಷಬ್ ಶೆಟ್ಟಿ ನಿರ್ಮಿಸಿದ ಈ ಚಿತ್ರ 2022ರಲ್ಲಿ ಬೂಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆಯಿತು. ನಮ್ಮ ಟಾಕೀಸುಗಳಿಗೆ ಬಿಡುಗಡೆಯಾದದ್ದು 2024ರ ಜೂನ್‌ನಲ್ಲಿ. ಕೊರಿಯಾ ನೋಡಿದ ಮೇಲೆ ನಾವು ನೋಡಿದೆವು. ಯರೇಹಂಚಿನಾಳ ಇರುವುದು ಮಾತ್ರ ಪಕ್ಕದ ಕೊಪ್ಪಳ ಜಿಲ್ಲೆಯಲ್ಲಿ.

ಶಿವಮ್ಮ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವಾಕೆ. ಗಂಡ ಹಾಸಿಗೆ ಹಿಡಿದಿದ್ದಾನೆ, ಮಗಳ ಮದುವೆ ಮಾಡಬೇಕು. ಈಕೆ ಶಕ್ತಿ ಬರುವ ಪುಡಿ ಮಾರುವ ಚೈನ್ ಲಿಂಕ್ ವ್ಯವಹಾರಕ್ಕೆ ದುಡ್ಡು ಹಾಕುತ್ತಾಳೆ. ಪಾತ್ರ ಮಾಡಿದ ಶರಣಮ್ಮ ಚೆಟ್ಟಿ ವೃತ್ತಿ ನಟಿ ಅಲ್ಲ. ಹಾಗಾಗಿಯೇ ಇರಬೇಕು, ಆಕೆ ಚೀಲ ಹಿಡಿದು ನಡೆಯುವುದನ್ನು ನೋಡಿದರೆ ನಮ್ಮ ಓಣಿಯ ಯಾರೋ ಹೊರಟಂತೆ ಕಾಣುತ್ತದೆ.

ನನ್ನ ಚಿಗವ್ವನೂ ಕುರುಗೋಡಿನ ಕಡೆ ಒಂದು ಶಾಲೆಯಲ್ಲಿ ಅಡುಗೆಯಾಕೆ. 2002ರಲ್ಲಿ ಬಿಸಿಯೂಟ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಅಡುಗೆಯವರಿಗೆ ಕೊಡುವುದು ಸಂಬಳವಲ್ಲ, ಗೌರವಧನ. ಈ ಸಿನಿಮಾ ಬಿಡುಗಡೆಯಾದಾಗ ಅದು ತಿಂಗಳಿಗೆ ನಾಲ್ಕು ಸಾವಿರವೂ ಇರಲಿಲ್ಲ.

ಈಗ ನನ್ನ ಪಾಲಿನ ಕತೆ. ಕೆಲವು ವರ್ಷದ ಹಿಂದೆ ಸಿರುಗುಪ್ಪದ ಒಂದು ಕಲ್ಯಾಣ ಮಂಟಪದಲ್ಲಿ ‘ಆರೋಗ್ಯ ಜಾಗೃತಿ’ ಕಾರ್ಯಕ್ರಮ ಆಯಿತು. ಕೋಟು ಹಾಕಿದವರು ಪುಡಿಯ ಡಬ್ಬಿ ಎತ್ತಿ ಹಿಡಿದು ಸಕ್ಕರೆ ಕಾಯಿಲೆ, ಮೊಣಕಾಲು ನೋವು, ಲಕ್ವ ಎಲ್ಲಕ್ಕೂ ಇದೇ ಮದ್ದು ಎಂದರು. ನಾನು ಅರ್ಧ ಗಂಟೆ ಕೂತು, ಊಟ ಮಾಡಿ, ಅವರೇ ಕೊಟ್ಟ ಹಾಳೆ ನೋಡಿ ಐದು ಸಾಲು ಕಳಿಸಿದೆ. ‘ಸ್ವಾವಲಂಬನೆಯತ್ತ ಮಹಿಳೆಯರು’ ಎಂಬ ಶೀರ್ಷಿಕೆಯಲ್ಲಿ ಫೋಟೊ ಸಮೇತ ಬಂತು. ಜತೆಗೊಂದು ಸಣ್ಣ ಜಾಹೀರಾತು, ಅದರ ಕಮಿಷನ್ ನನಗೆ.

ಆ ಕಟಿಂಗ್‌ಗೆ ಲ್ಯಾಮಿನೇಷನ್ ಮಾಡಿಸಿ ಏಜೆಂಟರು ಊರೂರು ತಿರುಗಿದರು. ಕುರುಗೋಡಿಗೂ ಬಂತು. ಅದರ ಕೆಳಗೆ ವರದಿಗಾರನ ಹೆಸರು ಇರಲಿಲ್ಲ. ಆದರೆ ಸಿರುಗುಪ್ಪದ ಸುದ್ದಿ ಅಂದರೆ ಅಕ್ಕನ ಮಗನದೇ ಎಂದು ಚಿಗವ್ವನಿಗೆ ಗೊತ್ತಿತ್ತು. ಸಂಘದಿಂದ ಇಪ್ಪತ್ತೆಂಟು ಸಾವಿರ ಸಾಲ ತೆಗೆದು ಡಬ್ಬಿ ತಂದಳು. ತಾನೂ ಆ ಕಟಿಂಗ್ ಚೀಲದಲ್ಲಿಟ್ಟುಕೊಂಡು ಮನೆಮನೆಗೆ ಹೋದಳು. ನಾಲ್ವರು ಸೇರಿದರು, ಐದನೆಯವರು ಸಿಗಲಿಲ್ಲ.

2021ರ ಡಿಸೆಂಬರ್‌ನಲ್ಲಿ ಬಂದ ಕೇಂದ್ರದ ನೇರ ಮಾರಾಟ ನಿಯಮಗಳು ಪಿರಮಿಡ್ ಯೋಜನೆಗಳನ್ನು ನಿಷೇಧಿಸುತ್ತವೆ. ಸೇರಲು ಶುಲ್ಕ ಕೇಳುವಂತಿಲ್ಲ. ಅದಕ್ಕೇ ಕೆಲವರು ಶುಲ್ಕ ಎನ್ನುವುದಿಲ್ಲ, ‘ಮೊದಲು ಇಷ್ಟು ಮಾಲು ತಗೊಳ್ಳಿ’ ಎನ್ನುತ್ತಾರೆ. ಮಾಲು ಮನೆಯಲ್ಲಿ ಉಳಿದರೆ ಮೋಸ ಅಂತ ದೂರು ಕೊಡುವುದು ಹೇಗೆ? ಡಬ್ಬಿ ಕಣ್ಣೆದುರೇ ಇದೆಯಲ್ಲ.

ಇಂಥ ಹೆಂಗಸರ ಸುದ್ದಿಗೆ ನಮ್ಮಲ್ಲಿರುವುದು ಎರಡೇ ಶೀರ್ಷಿಕೆ: ಸ್ವಾವಲಂಬಿ, ಇಲ್ಲವೇ ವಂಚನೆಗೊಳಗಾದಾಕೆ. ಸಿನಿಮಾದಲ್ಲಿ ಶಿವಮ್ಮ ಎರಡೂ ಅಲ್ಲ. ಆಕೆಗೆ ಆಸೆ ಇದೆ, ಹಟ ಇದೆ, ಸುಳ್ಳೂ ಇದೆ. ಮಗನಿಗೆ ನಾಚಿಕೆ, ಊರಿಗೆ ಸಿಟ್ಟು. ಆದರೂ ಆಕೆ ನಿಲ್ಲಿಸುವುದಿಲ್ಲ. ಯಾಕೆ ನಿಲ್ಲಿಸುವುದಿಲ್ಲ ಎಂದು ನಾನು ಚಿಗವ್ವನನ್ನು ಒಮ್ಮೆಯೂ ಕೇಳಿರಲಿಲ್ಲ. ‘ಬುದ್ಧಿ ಇಲ್ಲೇನು ನಿನಗ’ ಅಂತ ಬೈದಿದ್ದೆ, ಅಷ್ಟೆ.

ಆಟ ಬಿಟ್ಟ ಮೇಲೆ ಬಸ್ ಸ್ಟ್ಯಾಂಡಿನ ಹತ್ತಿರ ಒಗ್ಗರಣಿ ಮಿರ್ಚಿ ತಿನ್ನುತ್ತಾ ಕೇಳಿದೆ. ಚಿಗವ್ವ ಮಿರ್ಚಿ ಮುರಿಯುತ್ತಾ ಹೇಳಿದಳು: ‘ಮೀಟಿಂಗಿಗೆ ಹೋದ್ರ ಕುರ್ಚಿ ಹಾಕಿ ಮೇಡಂ ಅಂತಿದ್ರು. ಸಾಲ್ಯಾಗ ಇಷ್ಟು ವರ್ಷ ಅನ್ನ ಮಾಡೀನಿ, ಯಾರರ ಕುರ್ಚಿ ಕೊಟ್ಟಾರೇನು?’

ಸ್ವಲ್ಪ ತಡೆದು, ‘ಆವತ್ತು ಪೇಪರಿಗೆ ಹಾಕಿದ್ದಕ್ಕ ನಿನಗೆಷ್ಟು ಕೊಟ್ರು?’ ಅಂದಳು.

‘ಆರ್ನೂರು’ ಅಂದೆ.

‘ಅಷ್ಟೇನಾ?’

ಮುಂದೆ ಏನೂ ಅನ್ನಲಿಲ್ಲ. ಮಿರ್ಚಿಯ ದುಡ್ಡು ನಾನು ಕೊಡಹೋದರೆ ಬಿಡಲಿಲ್ಲ, ತಾನೇ ಕೊಟ್ಟಳು. ಕುರುಗೋಡು ಬಸ್ ಬಂತು, ಕಿಟಕಿ ಹತ್ತಿರ ಕೂತು ಕೈ ಬೀಸಿದಳು. ನಾನು ಸಿರುಗುಪ್ಪದ ಬಸ್ ಹಿಡಿದೆ.

ತೆಕ್ಕಲಕೋಟೆ ದಾಟುವವರೆಗೂ ಆ ಐದು ಸಾಲೇ ತಲೆಯಲ್ಲಿ. ಅದಕ್ಕೆ ತಿದ್ದುಪಡಿ ಯಾವ ಪುಟದಲ್ಲೂ ಬರಲಿಲ್ಲ, ನಾನೂ ಕಳಿಸಲಿಲ್ಲ. ಅದಕ್ಕೇ ಇಲ್ಲಿ ಬರೆದೆ. ನಮ್ಮ ಬ್ಯಾಚಿನ ಗೆಳೆಯರು ಈಗಲೂ ತಾಲ್ಲೂಕುಗಳಲ್ಲಿ ಇಂಥ ಕಾರ್ಯಕ್ರಮಗಳಿಗೆ ಹೋಗುತ್ತಿರುತ್ತೀರಿ. ಊಟ ಮಾಡಿ ಬನ್ನಿ, ಬೇಡ ಅನ್ನುವುದಿಲ್ಲ. ಸುದ್ದಿ ಕಳಿಸುವ ಮೊದಲು ಕೊನೆಯ ಸಾಲಿನ ಕುರ್ಚಿಯಲ್ಲಿ ಕೂತ ಹೆಂಗಸನ್ನು ಒಂದು ಮಾತು ಕೇಳಿ: ದುಡ್ಡು ಎಲ್ಲಿಂದ ತಂದ್ರಿ ಅವ್ವಾ?