ಅಪ್ಪನ ಕ್ಯಾಪು

ಅಂಬಾಸಿಡರ್ ತಯಾರಿ ನಿಂತಿದ್ದು 2014ರಲ್ಲಿ. ನಮ್ಮನೇದು ಅದಕ್ಕೂ ಮೊದಲೇ ಕೊಟ್ಟಿಗೆ ಸೇರಿತ್ತು. ಅಪ್ಪ ಹೋದಮೇಲೆ ಅದನ್ನು ರಸ್ತೆಗಿಳಿಸುವಾಗ ಶೋಕಿಗೆ ಅಲಾಯ್ ಚಕ್ರ ಹಾಕಿಸಿದೆ. ಅಮ್ಮ ನೋಡಿ, "ಅಪ್ಪನ ಕ್ಯಾಪ್ ಎಲ್ಲೋ?" ಅಂದ್ಲು.

ಅಟ್ಟದಲ್ಲಿ ನಾಲ್ಕೂ ಸಿಕ್ಕವು. ನಮ್ಮ ಮಳೆಗಾಲ ಅವನ್ನೂ ಬಿಟ್ಟಿರಲಿಲ್ಲ. ಅಲ್ಯೂಮಿನಿಯಂ ಫಾಯಿಲ್ ಉಂಡೆಕಟ್ಟಿ, ನೀರಲ್ಲದ್ದಿ ಉಜ್ಜಿದೆ. ಮೇಲಿನ ತುಕ್ಕು ಹೋಯ್ತು. ಕ್ರೋಮ್ ಎದ್ದುಹೋದ ಕಡೆ ಎಷ್ಟು ಉಜ್ಜಿದರೂ ಅಷ್ಟೇ.

ಕೂರಿಸೋದೇ ಕಷ್ಟ. ಹಳೇ ಉಕ್ಕಿನ ಚಕ್ರದಲ್ಲಿ ಕ್ಯಾಪಿನ ಅಂಚು ಕಚ್ಚಿಕೊಳ್ಳಲು ಉಬ್ಬುಗಳಿರುತ್ತವೆ, ಅಲಾಯ್‌ನಲ್ಲಿಲ್ಲ. ಅಂಟು ಹಾಕಿದರೆ ಪಂಕ್ಚರ್ ಆದ ದಿನ ನಟ್ ಬಿಚ್ಚೋದು ಹೇಗೆ? ಕೊಪ್ಪದ ಲೇತ್ ಅಂಗಡಿಯಲ್ಲಿ ನಾಲ್ಕು ಅಲ್ಯೂಮಿನಿಯಂ ಬಳೆ ಕಡೆಸಿದೆ. ಬಳೆ ಚಕ್ರದ ನಡುವಿನ ತೂತಿಗೆ, ಕ್ಯಾಪು ಬಳೆಗೆ.

ಅಮ್ಮನನ್ನು ಕೂರಿಸಿಕೊಂಡು ಶೃಂಗೇರಿಗೆ ಹೊರಟೆ. ಅಲ್ಲಿ ಇಳಿದು ನೋಡಿದರೆ ಮೂರೇ! ಅಮ್ಮ ಮಾತಾಡಲಿಲ್ಲ. ದೇವಸ್ಥಾನಕ್ಕೂ ಹೋಗದೆ ಗಾಡಿ ತಿರುಗಿಸಿದೆ. ಹರಿಹರಪುರದ ಹತ್ತಿರ, ಚರಂಡಿಯ ಜರೀಗಿಡದೊಳಗೆ ಹೊಳೀತಾ ಬಿದ್ದಿತ್ತು. ನರಸಿಂಹರಾಜಪುರದ ದಾರೀಲಿ ಅಪ್ಪ ಕಲ್ಲಿಗೆ ತಾಗಿಸಿ ಮಾಡಿದ್ದ ತಗ್ಗಿನ ಪಕ್ಕದಲ್ಲೇ ಈಗ ಇನ್ನೊಂದು.

ತಟ್ಟಿ ನೇರ ಮಾಡಿಕೊಡ್ತೀನಿ ಅಂದರು ಲೇತ್‌ನವರು. ಬೇಡ ಅಂದೆ. ಬಳೆಗೆ ಮಾತ್ರ ರಬ್ಬರ್ ಸುತ್ತಿಸಿದೆ.