ಮನೆಮಂದಿ ಕೂಡಿ ನೋಡಬೇಕಾದ ಚಿತ್ರಗಳು

ಟಿ.ವಿ. ಮನೆಯನ್ನು ಪ್ರವೇಶಿಸಿದಂದಿನಿಂದ ಅದರ ಕುರಿತು ಹಿರಿಯರು ಆಡಿಕೊಂಡ ಮಾತುಗಳಿಗೆ ಲೆಕ್ಕವಿಲ್ಲ. ಮಕ್ಕಳ ಓದು ಕೆಟ್ಟಿತು, ಮನೆಯ ಮಾತುಕತೆ ನಿಂತಿತು, ಊಟದ ಹೊತ್ತು ತಪ್ಪಿತು ಎಂಬ ದೂರುಗಳಲ್ಲಿ ಸತ್ಯವಿಲ್ಲದೆ ಇಲ್ಲ. ಆದರೆ ನಾವು ಎಂದೂ ಕಾಲಿರಿಸಲಾರದ ಮರುಭೂಮಿಯನ್ನು, ಹಿಮದ ನಾಡನ್ನು, ಕಾಡಿನ ಒಡಲನ್ನು ನಮ್ಮ ಪಡಸಾಲೆಗೆ ತಂದು ನಿಲ್ಲಿಸುವ ಶಕ್ತಿಯೂ ಅದಕ್ಕಿದೆ. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದ ನಾನು, ಕೆಲವು ವರ್ಷಗಳಿಂದ ಭಾನುವಾರದ ಸಂಜೆ ಮೊಮ್ಮಕ್ಕಳೊಡನೆ ಕುಳಿತು ಸಾಕ್ಷ್ಯಚಿತ್ರಗಳನ್ನು ನೋಡುವ ರೂಢಿ ಇಟ್ಟುಕೊಂಡಿದ್ದೇನೆ. ಅವುಗಳಲ್ಲಿ ಮನಸ್ಸಿನಲ್ಲಿ ಆಳವಾಗಿ ನೆಲೆನಿಂತ ಒಂದು ಚಿತ್ರದ ವಿಷಯವನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳಬೇಕೆನಿಸಿದೆ.

'ದಿ ಸ್ಟೋರಿ ಆಫ್ ದಿ ವೀಪಿಂಗ್ ಕ್ಯಾಮೆಲ್', ಅಂದರೆ ಅಳುವ ಒಂಟೆಯ ಕಥೆ, ಆ ಚಿತ್ರದ ಹೆಸರು. ಮಂಗೋಲಿಯಾದ ಬ್ಯಾಂಬಾಸುರೆನ್ ದವಾ ಎಂಬ ಮಹಿಳೆಯೂ ಲುಯಿಗಿ ಫಲೋರ್ನಿ ಎಂಬುವರೂ ಜರ್ಮನಿಯ ಮ್ಯೂನಿಕ್ ನಗರದ ಚಲನಚಿತ್ರ ಶಾಲೆಯಲ್ಲಿ ವಿದ್ಯಾರ್ಥಿಗಳಾಗಿದ್ದಾಗ ಇದನ್ನು ನಿರ್ಮಿಸಿದರು. 2003ರಲ್ಲಿ ಅದು ತೆರೆ ಕಂಡಿತು. ಗೋಬಿ ಮರುಭೂಮಿಯಲ್ಲಿ ಗುಡಾರ ಹಾಕಿಕೊಂಡು, ಒಂಟೆ ಕುರಿಗಳನ್ನು ಸಾಕಿ ಬದುಕುವ ನಾಲ್ಕು ತಲೆಮಾರಿನ ಒಂದು ಕುಟುಂಬದ ಕಥೆಯಿದು. ಅವರ ಎರಡು ಡುಬ್ಬದ ಒಂಟೆಯೊಂದು ಎರಡು ದಿನಗಳ ಕಠಿಣ ಹೆರಿಗೆಯ ತರುವಾಯ ಬಿಳಿಯ ಮರಿಯೊಂದನ್ನು ಈಯುತ್ತದೆ. ಆದರೆ ಪಟ್ಟ ನೋವಿನಿಂದಲೋ ಏನೋ, ತಾಯಿ ಮರಿಯನ್ನು ಹತ್ತಿರ ಸೇರಿಸದೆ ಒದ್ದು ದೂರ ಮಾಡುತ್ತದೆ. ಹಾಲಿಲ್ಲದೆ ಮರಿ ಸೊರಗುತ್ತದೆ. ಮನೆಯ ಇಬ್ಬರು ಹುಡುಗರು ಮರುಭೂಮಿಯನ್ನು ದಾಟಿ ಹೋಗಿ ಒಬ್ಬ ವಾದಕನನ್ನು ಕರೆತರುತ್ತಾರೆ. ಕುದುರೆಯ ತಲೆಯನ್ನು ಕೆತ್ತಿದ ಎರಡು ತಂತಿಯ ವಾದ್ಯವನ್ನು ಮೊದಲು ಒಂಟೆಯ ಡುಬ್ಬಕ್ಕೆ ತೂಗುಹಾಕುತ್ತಾರೆ. ಗಾಳಿಗೆ ತಂತಿ ತಾನೇ ಮಿಡಿಯುತ್ತದೆ. ಬಳಿಕ ವಾದಕ ನುಡಿಸುತ್ತಾನೆ. ಮನೆಯ ಹೆಣ್ಣುಮಗಳು ಒಂಟೆಯ ಮೈ ಸವರುತ್ತ ಒಂದೇ ರಾಗವನ್ನು ಮತ್ತೆ ಮತ್ತೆ ಹಾಡುತ್ತಾಳೆ. ತುಸು ಹೊತ್ತಿಗೆ ಆ ಪ್ರಾಣಿಯ ಕಣ್ಣಿನಿಂದ ನೀರು ಇಳಿಯುತ್ತದೆ, ಮರಿ ಕೆಚ್ಚಲಿಗೆ ಬಾಯಿ ಹಾಕುತ್ತದೆ. ಆ ಕಣ್ಣೀರಿನ ಅರ್ಥ ಏನೇ ಇರಲಿ, ಮರಿ ಹಾಲು ಕುಡಿದದ್ದು ನಮ್ಮ ಕಣ್ಣೆದುರಿನ ಸತ್ಯ.

ಇದನ್ನು ನೋಡುವಾಗ ನನಗೆ ನಮ್ಮವ್ವನ ನೆನಪು ಒತ್ತರಿಸಿ ಬಂತು. ಚೊಚ್ಚಲ ಆಕಳು ಕರುವನ್ನು ಒದ್ದರೆ ಅವ್ವ ಕರುವಿನ ಮೈಗೆ ಉಪ್ಪಿನ ನೀರು ಸವರಿ ತಾಯಿಯ ಮುಂದೆ ನಿಲ್ಲಿಸುತ್ತಿದ್ದಳು. ಉಪ್ಪಿನ ಆಸೆಗೆ ನೆಕ್ಕಲು ತೊಡಗಿದ ಆಕಳು ನೆಕ್ಕುತ್ತ ನೆಕ್ಕುತ್ತ ಕರುವನ್ನು ತನ್ನದೆಂದು ಒಪ್ಪಿಕೊಳ್ಳುತ್ತಿತ್ತು. ಅವ್ವ ಆಗ ಆಕಳೊಡನೆ ಮಾತನಾಡುತ್ತಲೇ ಇರುತ್ತಿದ್ದಳು. ಗೋಬಿಯ ಆ ಹೆಣ್ಣುಮಗಳಿಗೂ ನಮ್ಮವ್ವನಿಗೂ ಭಾಷೆ, ಉಡುಗೆ, ಆಹಾರಗಳಲ್ಲಿ ಯಾವ ಸಂಬಂಧವೂ ಇಲ್ಲ. ಆದರೂ ಮೂಕಪ್ರಾಣಿಯ ಎದೆಯನ್ನು ಹೇಗೆ ಕರಗಿಸಬೇಕೆಂಬ ತಿಳಿವಳಿಕೆ ಇಬ್ಬರಲ್ಲಿಯೂ ಇತ್ತು. ಅನ್ಯ ಸಂಸ್ಕೃತಿಗಳ ಪರಿಚಯದಿಂದ ದೊರೆಯುವ ದೊಡ್ಡ ಲಾಭವೆಂದರೆ ಇದೇ ಎಂದು ನಾನು ತಿಳಿದಿದ್ದೇನೆ.

ಒಂಟೆಯನ್ನು ಒಲಿಸುವ ಈ ಮಂಗೋಲಿಯನ್ ಪದ್ಧತಿಯನ್ನು ಯುನೆಸ್ಕೋ ಸಂಸ್ಥೆಯು 2015ರಲ್ಲಿ, ತುರ್ತಾಗಿ ರಕ್ಷಿಸಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಒಂಟೆಯ ಜಾಗವನ್ನು ಮೋಟಾರ್ ಸೈಕಲ್ ಆಕ್ರಮಿಸುತ್ತಿದೆ, ದನಗಾಹಿಗಳ ಮಕ್ಕಳು ಪಟ್ಟಣ ಸೇರುತ್ತಿದ್ದಾರೆ. ಚಿತ್ರದ ಕಿರಿಯ ಹುಡುಗನೂ ಪಟ್ಟಣದಲ್ಲಿ ಟಿ.ವಿ. ಕಂಡು ಅದಕ್ಕಾಗಿ ಹಟ ಹಿಡಿಯುತ್ತಾನೆ. ಕೊನೆಗೆ ಗುಡಾರದ ಬಳಿ ಡಿಶ್ ಆಂಟೆನಾ ಬಂದೇ ಬರುತ್ತದೆ!

ಆದರೆ ತೆರೆಯ ಮೇಲೆ ಕಂಡದ್ದೆಲ್ಲವೂ ನಿಜವೆಂದು ಮಕ್ಕಳು ನಂಬಬಾರದು. 1922ರಲ್ಲಿ ರಾಬರ್ಟ್ ಫ್ಲಾಹರ್ಟಿ ತಯಾರಿಸಿದ 'ನಾನೂಕ್ ಆಫ್ ದಿ ನಾರ್ತ್' ಚಿತ್ರದಲ್ಲಿ, ಆ ವೇಳೆಗಾಗಲೇ ಬಂದೂಕು ಬಳಸುತ್ತಿದ್ದ ಇನ್ಯೂಟ್ ಜನರಿಂದ ಹಳೆಯ ಈಟಿಯ ಬೇಟೆಯನ್ನೇ ಮಾಡಿಸಲಾಗಿತ್ತು. ಇದಕ್ಕಿಂತ ಘೋರವಾದದ್ದು 1958ರ ಡಿಸ್ನಿ ಚಿತ್ರ 'ವೈಟ್ ವೈಲ್ಡರ್‌ನೆಸ್'. ಲೆಮ್ಮಿಂಗ್ ಎಂಬ ಇಲಿಯಂಥ ಪ್ರಾಣಿಗಳು ತಾವಾಗಿ ಸಮುದ್ರಕ್ಕೆ ಹಾರಿ ಸಾಯುತ್ತವೆ ಎಂದು ತೋರಿಸಲು, ಸಮುದ್ರವೇ ಇಲ್ಲದ ಕೆನಡಾದ ಆಲ್ಬರ್ಟಾ ಪ್ರಾಂತಕ್ಕೆ ಅವುಗಳನ್ನು ತಂದು ಬಂಡೆಯ ಅಂಚಿನಿಂದ ನೀರಿಗೆ ತಳ್ಳಿದರು. ಆ ಚಿತ್ರಕ್ಕೆ ಆಸ್ಕರ್ ಪ್ರಶಸ್ತಿಯೂ ಬಂತು. 1982ರಲ್ಲಿ ಕೆನಡಾದ ಟೆಲಿವಿಷನ್ ಕಾರ್ಯಕ್ರಮವೊಂದು ಈ ಮೋಸವನ್ನು ಬಯಲಿಗೆ ತಂದಿತು. ಪ್ರಾಣಿಯ ಕಥೆ ಹೇಳಲು ಪ್ರಾಣಿಯನ್ನೇ ಬಲಿಗೊಡುವುದು ಎಂಥ ಕಲೆ? ಇದಕ್ಕೆ ವ್ಯತಿರಿಕ್ತವಾಗಿ ನಮ್ಮವರೇ ಆದ ಕೃಪಾಕರ ಮತ್ತು ಸೇನಾನಿಯವರು ಬಂಡೀಪುರ, ಮುದುಮಲೆಗಳ ಸೀಮೆಯಲ್ಲಿ ವರ್ಷಗಟ್ಟಲೆ ತಾಳ್ಮೆಯಿಂದ ಸೀಳುನಾಯಿಗಳ ಬೆನ್ನು ಹತ್ತಿ ಚಿತ್ರೀಕರಿಸಿದರು. ಒಂದು ಕಾಲದಲ್ಲಿ ಸರಕಾರವೇ ಬಹುಮಾನ ಕೊಟ್ಟು ಕೊಲ್ಲಿಸುತ್ತಿದ್ದ ಆ ಪ್ರಾಣಿಗಳು ಮರಿಗಳಿಗೆ ಉಣಿಸುವುದನ್ನು, ಕೂಡಿ ಬಾಳುವುದನ್ನು ನೋಡಿದವರ ಮನಸ್ಸಿನಲ್ಲಿ ದ್ವೇಷ ಉಳಿಯಲಾರದು.

ಇನ್ನು ನಮ್ಮ ಮನೆಯ ಮಾತು. ಊರಿನಲ್ಲಿರುವ ನನ್ನ ತಮ್ಮ ಟ್ರ್ಯಾಕ್ಟರ್ ಕೊಂಡ ವರ್ಷ, ಹನ್ನೆರಡು ವರ್ಷ ದುಡಿದ ಎತ್ತಿನ ಜೋಡಿಯನ್ನು ಸಂತೆಗೆ ಹೊಡೆಯಲು ನಿಶ್ಚಯಿಸಿದ್ದ. ಒಂಟೆಯ ಚಿತ್ರವನ್ನು ನೋಡಿ ರಜೆಗೆಂದು ಊರಿಗೆ ಹೋಗಿದ್ದ ಮೊಮ್ಮಗಳು, "ಅಜ್ಜಾ, ಸಂತಿಯೊಳಗ ಮಾರಿದ ಮ್ಯಾಲ ಅವು ಎಲ್ಲಿಗೆ ಹೋಗತಾವ?" ಎಂದು ಕೇಳಿದಳು. ತಮ್ಮ ಉತ್ತರ ಕೊಡಲಿಲ್ಲ. ಅವನ ಕಷ್ಟವೂ ಸುಳ್ಳಲ್ಲ. ಬರಗಾಲದ ವರ್ಷ, ಕಣಿಕೆಯ ಬೆಲೆ ಏರಿತ್ತು, ಟ್ರ್ಯಾಕ್ಟರಿನ ಸಾಲದ ಕಂತು ಬೇರೆ. ದುಡಿಯದ ಪ್ರಾಣಿಗೆ ಮೇವು ಹಾಕು ಎಂದು ಪಟ್ಟಣದಲ್ಲಿ ಕುಳಿತವರು ಹೇಳುವುದು ಸುಲಭ. ಆದಕಾರಣ ನಾವು ಮಾತಿನಲ್ಲಿ ನಿಲ್ಲಿಸದೆ, ನನ್ನ ಪಿಂಚಣಿಯಿಂದಲೂ ಮಗನ ಸಂಬಳದಿಂದಲೂ ಮೇವಿನ ಖರ್ಚಿನ ಅರ್ಧವನ್ನು ಪ್ರತಿ ತಿಂಗಳು ಕಳುಹಿಸತೊಡಗಿದೆವು. ಎತ್ತುಗಳು ಗೋದಲಿಯಲ್ಲಿಯೇ ಉಳಿದವು. ಒಂದು ಕಳೆದ ಬೇಸಿಗೆಯಲ್ಲಿ ತೀರಿಕೊಂಡಿತು. ಅದನ್ನು ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಇನ್ನೊಂದಕ್ಕೆ ಈ ಸಲದ ಕಾರಹುಣ್ಣಿಮೆಯಲ್ಲಿ ಮೊಮ್ಮಗಳೇ ಕೋಡಿಗೆ ಬಣ್ಣ ಹಚ್ಚಿದಳು.

ಎಲ್ಲ ಮನೆಗಳಲ್ಲಿಯೂ ಹೀಗೆಯೇ ಆಗಬೇಕೆಂದು ನಾನು ಹೇಳಲಾರೆ. ತಾಯಂದಿರಲ್ಲಿ ನನ್ನ ವಿನಂತಿ ಇಷ್ಟೇ: ಮಕ್ಕಳ ಕೈಗೆ ಮೊಬೈಲ್ ಕೊಟ್ಟು ಒಂಟಿಯಾಗಿ ಬಿಡದೆ, ವಾರಕ್ಕೊಂದು ಸಂಜೆ ಇಂಥ ಚಿತ್ರವೊಂದನ್ನು ಅವರೊಡನೆ ಕುಳಿತು ನೋಡಿ. ಮುಗಿದ ಮೇಲೆ ಅರ್ಧ ಗಂಟೆ ಮಾತನಾಡಿ. ಇದನ್ನು ಹೇಗೆ ಚಿತ್ರೀಕರಿಸಿರಬಹುದೆಂದು ವಿಚಾರಿಸಲು ಕಲಿಸಿ. ಅವರು ಕೇಳುವ ಪ್ರಶ್ನೆ ನಮ್ಮ ಬೀದಿಯ ನಾಯಿಯದೋ, ನಮ್ಮ ಕೊಟ್ಟಿಗೆಯ ಎತ್ತಿನದೋ ಆದಾಗ ಸಿಡುಕದೆ ಕಿವಿಗೊಡಿ. ಉತ್ತರಕ್ಕೆ ತುಸು ಹಣವೂ ಶ್ರಮವೂ ತಗಲೀತು. ಅದು ಮಕ್ಕಳ ಶಿಕ್ಷಣಕ್ಕೆ ಮಾಡಿದ ವೆಚ್ಚವೇ ಸರಿ.