ಎಷ್ಟು ಆಳು ಹಚ್ಚಬೇಕು?

ಗೋವಿನಜೋಳದ ತೆನೆ ಮುರಿಯಲು ಎಷ್ಟು ಆಳು ಬೇಕು ಎಂದು ನಮ್ಮ ಅಬಲೂರಿನಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಕಂಪ್ಯೂಟರಿಗೆ ಎಷ್ಟು ಆಳು ಹಚ್ಚಬೇಕು ಎಂಬುದನ್ನು ಮಾತ್ರ ನಾನು ಈ ವರ್ಷ ಕಲಿತೆ.

"ನಾವು ಸಣ್ಣವರಿದ್ದಾಗ ಮಿರಗದ ಮಳೆ ಹಿಂಗ ಕೈ ಕೊಡ್ತಿರಲಿಲ್ಲ" ಎಂದು ಅಬ್ಬಾ ಆಗಾಗ ಹೇಳುತ್ತಾರೆ. ಬಿತ್ತಿದ ಮೇಲೆ ಮಳೆ ಹದಿನೈದು ದಿನ ಮುಖ ತೋರಿಸದಿದ್ದರೆ ಬೀಜವೂ ಹೋಯಿತು, ಗೊಬ್ಬರವೂ ಹೋಯಿತು. ಆದ್ದರಿಂದ ಆ ಮಾತು ನಿಜವೋ ಅಲ್ಲವೋ ಎಂಬುದು ನಮ್ಮ ಮನೆಗೆ ಬರೀ ಕುತೂಹಲದ ಪ್ರಶ್ನೆಯಲ್ಲ.

ಭಾರತೀಯ ಹವಾಮಾನ ಇಲಾಖೆ 1901ರಿಂದ ಪ್ರತಿದಿನದ ಮಳೆಯನ್ನು ಕಾಲು ಡಿಗ್ರಿ ಅಂತರದ ಬಿಂದುಗಳಲ್ಲಿ ಕೊಡುತ್ತದೆ. ಹಿರೇಕೆರೂರು ಭಾಗಕ್ಕೆ ಹತ್ತಿರದ ಬಿಂದು 14.5 ಡಿಗ್ರಿ ಉತ್ತರ, 75.5 ಡಿಗ್ರಿ ಪೂರ್ವ. ಒಂದು ದಿನಕ್ಕೆ 2.5 ಮಿ.ಮೀ.ಗಿಂತ ಕಡಿಮೆ ಬಿದ್ದರೆ ಅದು ಮಳೆಯ ದಿನವಲ್ಲ. ಪ್ರತಿ ವರ್ಷ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಥ ಒಣ ದಿನಗಳು ಒಟ್ಟೊಟ್ಟಿಗೆ ಎಷ್ಟು ಬಂದವು ಎಂದು ಎಣಿಸುವುದು ನಮ್ಮ ಕೆಲಸ. ಏರಿಕೆ ಕಂಡರೂ ಅದು ಆಕಸ್ಮಿಕ ಇರಬಹುದು. ಅದಕ್ಕೆ ವರ್ಷಗಳನ್ನು ಚೀಟಿಯಂತೆ ಸಾವಿರ ಸಲ ಕಲೆಸಿ ಹೋಲಿಸಬೇಕು. ಒಂದೇ ಬಿಂದುವನ್ನು ನಂಬಬೇಡಿ, ಸುತ್ತಲಿನವೂ ಏನು ಹೇಳುತ್ತವೆ ನೋಡಿ ಎಂದರು ನಮ್ಮ ಸರ್. ಕರ್ನಾಟಕಕ್ಕೆ ಸುಮಾರು 250 ಬಿಂದು; ಅಂದರೆ ಎರಡೂವರೆ ಲಕ್ಷ ಸಲ ಕಲೆಸಬೇಕು. ಲ್ಯಾಬ್ ಸಿಗುವುದು ಶನಿವಾರ ಮಧ್ಯಾಹ್ನ ಎರಡೇ ತಾಸು.

ಯಂತ್ರಕ್ಕೆ ನಾಲ್ಕು ಕೋರ್, 8 ಜಿಬಿ ಮೆಮೊರಿ. ಪೈಥಾನ್‌ನಲ್ಲಿ ವರ್ಕರ್ ಸಂಖ್ಯೆ ಬರೆಯಲು ಒಂದು ಅಂಕಿ ಸಾಕು. ಆದರೆ ಆ ಒಂದೇ ಅಂಕಿ ಎಲ್ಲ ಕೆಲಸಕ್ಕೂ ಹೊಂದುವುದಿಲ್ಲ. ಒಂದು ವರ್ಷದ ಫೈಲು ಸುಮಾರು 25 ಎಂಬಿ, 2024ರವರೆಗೆ 124 ಫೈಲು, ಒಟ್ಟು 3 ಜಿಬಿಗೂ ಹೆಚ್ಚು. ಹಳೆಯ ಹಾರ್ಡ್ ಡಿಸ್ಕಿನಿಂದ ನಾಲ್ವರು ಒಟ್ಟಿಗೆ ಓದಿದರೆ ಅದರ ಮುಳ್ಳು ಅತ್ತಿಂದಿತ್ತ ಓಡುವುದರಲ್ಲೇ ಹೊತ್ತು ಹೋಗುತ್ತದೆ. ಬಾವಿಗೆ ಒಂದೇ ಹಗ್ಗ ಇದ್ದಾಗ ನಾಲ್ಕು ಕೊಡ ತಂದಂತೆ. ಓದಲು ಒಬ್ಬನೇ ಸಾಕು. ಕಲೆಸುವ ಕೆಲಸ ಹಾಗಲ್ಲ, ಅಲ್ಲಿ ಮುಯ್ಯಾಳು ಬಂದಷ್ಟೂ ಒಳ್ಳೆಯದು, ಕೋರ್ ಇರುವವರೆಗೆ. ಎಂಟು ಎಂದು ಬರೆದು ನೋಡಿದೆವು. ನಾಲ್ಕಕ್ಕಿಂತ ಏನೂ ಬೇಗ ಆಗಲಿಲ್ಲ.

ಪ್ರತಿ ವರ್ಕರ್‌ಗೂ ಇಡೀ 3 ಜಿಬಿ ಹೊರಿಸಿದರೆ ಮೂವರಿಗೇ ಮೆಮೊರಿ ಮುಗಿಯುತ್ತದೆ. ಆದರೆ ಒಂದು ಬಿಂದುವಿನ 124 ವರ್ಷದ ಮಳೆ ಬರೀ 180 ಕೆಬಿ! ಅಷ್ಟನ್ನೇ ಕೈಗೆ ಕೊಟ್ಟರೆ ಆಯಿತು.

ಸರ್ ಎಚ್ಚರಿಸಿದ್ದು ಬೇರೆಯದೇ ವಿಷಯಕ್ಕೆ. ವರ್ಕರ್‌ಗಳು ಹುಟ್ಟುವಾಗ ಮೂಲ ಪ್ರೋಗ್ರಾಮಿನ ನಕಲಾಗಿ ಹುಟ್ಟುತ್ತವೆ, ಚೀಟಿ ಎತ್ತುವ ಕ್ರಮವೂ ನಕಲಾಗಬಹುದು ಎಂದರು. ನಾಲ್ವರಿಂದಲೂ ಮೊದಲ ಚೀಟಿಯ ಸಂಖ್ಯೆ ಮುದ್ರಿಸಿ ನೋಡಿದೆವು. ನಾಲ್ಕೂ ಒಂದೇ! ಲಿನಕ್ಸ್‌ನಲ್ಲಿ ಇದು ಗೊತ್ತಿರುವ ಸಂಗತಿಯಂತೆ. ಪ್ರೋಗ್ರಾಂ ನಿಲ್ಲುವುದಿಲ್ಲ, ಎರರ್ ತೋರಿಸುವುದಿಲ್ಲ, ಬೇಗನೆ ಉತ್ತರವನ್ನೂ ಕೊಡುತ್ತದೆ. ನಿಧಾನವಾಗುವುದಕ್ಕಿಂತ ಇದೇ ನನಗೆ ಹೆಚ್ಚು ಭಯ ಹುಟ್ಟಿಸಿತು. ಇಂಥ ಉತ್ತರ ನಂಬಿ ಯಾರಾದರೂ ಬಿತ್ತನೆ ಮುಂದೂಡಿದರೆ?

ಪರಿಹಾರಕ್ಕೆ ಬಳಸುವ ಪದವೇ ಸೀಡ್, ಅಂದರೆ ಬೀಜ. ಅದನ್ನು ನಾವು ಆಳಿಗೆ ಕೊಡದೆ ಹೊಲಕ್ಕೆ ಕೊಟ್ಟೆವು: ಪ್ರತಿ ಬಿಂದುವಿಗೂ ಅದರದೇ ಸೀಡ್. ಈಗ ಒಬ್ಬ ಮಾಡಿದರೂ ನಾಲ್ವರು ಮಾಡಿದರೂ ಉತ್ತರ ಒಂದೇ ಬರುತ್ತದೆ. ಹತ್ತು ಬಿಂದುಗಳಿಗೆ ಎರಡೂ ರೀತಿ ಓಡಿಸಿ ತಾಳೆ ನೋಡಿದ್ದೇವೆ.

ಸದ್ಯದ ಏರ್ಪಾಡು: ಓದಲು ಒಂದು, ಕಲೆಸಲು ಮೂರು, ಬರೆಯಲು ಒಂದು. ಬರೆಯುವವನಿಗೆ ಕೆಲಸ ಕಡಿಮೆ, ಉಳಿದ ಕೋರಿನಲ್ಲೇ ಅವನದು ನಡೆಯುತ್ತದೆ. ಒಂದೊಂದು ಬಿಂದು ಮುಗಿದ ಕೂಡಲೇ ಉತ್ತರ ಫೈಲು ಸೇರುತ್ತದೆ, ಕರೆಂಟು ಹೋದರೂ ಮುಗಿದದ್ದು ಉಳಿಯುತ್ತದೆ. ಸಾಲಿನಲ್ಲಿ ಮೊದಲು ನಮ್ಮ ಹಿರೇಕೆರೂರಿನ ಬಿಂದು ಇಟ್ಟಿದ್ದೇವೆ. ಬೀದರಿನವರು ಕೊಂಚ ಕಾಯಲಿ.